ಆರು ಕೊಂಬಿನ ರೌಟರ್

ಯೋಕಾಸ್ತಾ ಬಾತ್‌ರೂಮಿನಲ್ಲಿ ಬಕೆಟ್ ಬೋರಲು ಹಾಕಿ, ಅದರ ಮೇಲೆ ನಿಂತು, ಫೋನನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದಳು. ವೈಫೈ ಗೀಟು ಒಂದೂ ಇಲ್ಲ. ಗಂಟೆ ಮೂರೂಮುಕ್ಕಾಲು.

ನಾಲ್ಕಕ್ಕೆ ಅಪ್ಪನ ವಿಡಿಯೋ ಕಾಲ್ ಬರಬೇಕು. ಅಪ್ಪನ ಹೆಸರು ದಾರಿಯೋ, ಸರಕಿನ ಹಡಗಿನಲ್ಲಿ ಅಡುಗೆಯವನು. ಶನಿವಾರ ಹಡಗು ಬಂದರಿಗೆ ಬಂದರೆ ಅರ್ಧ ಗಂಟೆ ಸಿಗುತ್ತಾನೆ, ಇಲ್ಲದಿದ್ದರೆ ಇಲ್ಲ. ಯೋಕಾಸ್ತಾಳಿಗೆ ಹಲ್ಲು ಬಿದ್ದು ಹತ್ತು ದಿನವಾಗಿತ್ತು. ಆ ಕಿಂಡಿಯಿಂದ ಅವಳು ಒಂದು ಇಡೀ ಮೆರೆಂಗೆ ಕುಣಿತದ ಹಾಡನ್ನು ಶಿಳ್ಳೆಯಲ್ಲೇ ಹಾಡಬಲ್ಲಳು. ಆದರೆ ಹೊಸ ಹಲ್ಲು ಆಗಲೇ ಇಣುಕುತ್ತಿತ್ತು. ಅಪ್ಪನಿಗೆ ಕೇಳಿಸುವುದಾದರೆ ಇವತ್ತೇ ಕೇಳಿಸಬೇಕು.

ಎರಡು ವಾರದ ಹಿಂದೆ ಹಡಗೇ ಬಂದರಿಗೆ ಬರಲಿಲ್ಲ. ಹೋದ ವಾರ ಬಂತು, ಅಷ್ಟು ಹೊತ್ತಿಗೆ ಮನೆಯ ವೈಫೈ ಮಲಗಿತ್ತು. ಕಂಪ್ಯೂಟರ್ ಅಂಗಡಿ ಇಟ್ಟಿರುವ ವಿಲ್ಕಿನ್ ಚಿಕ್ಕಪ್ಪ ಬಂದು, ಹೊಟ್ಟೆ ಸವರಿಕೊಂಡು, ರೌಟರ್ ಎಲ್ಲಿದೆ ಎಂದೂ ನೋಡದೆ, ಅದು ಮುದಿಯಾಗಿದೆ ಎಂದು ತೀರ್ಪು ಕೊಟ್ಟ. ನಿನ್ನೆ ತಾನೇ ಹೊಸದನ್ನು ತಂದು ಬೀರುವಿನ ಮೇಲೆ ಇಟ್ಟು ಹೋಗಿದ್ದ. ಅದಕ್ಕೆ ಆರು ಆಂಟೆನಾ. ಅಂಗಾತ ಬಿದ್ದ ಏಡಿಯ ಹಾಗೆ ಇತ್ತು. ಇದರ ಸಿಗ್ನಲ್ಲು ಸಮುದ್ರದ ಮೀನಿಗೂ ಸಿಗುತ್ತದೆ ಎಂದು ಚಿಕ್ಕಪ್ಪ ಜಂಬ ಕೊಚ್ಚಿಕೊಂಡಿದ್ದ.

ಮೀನಿಗೆ ಸಿಕ್ಕಿತೋ ಏನೋ, ಬಕೆಟ್ ಮೇಲಿದ್ದ ಯೋಕಾಸ್ತಾಳಿಗಂತೂ ಸಿಗಲಿಲ್ಲ.

ಚಿಕ್ಕಪ್ಪ ಹೇಳಿಕೊಟ್ಟ ಮಂತ್ರ ಒಂದಿತ್ತು. ಗೋಡೆಯಲ್ಲಿನ ಪ್ಲಗ್ ಕಿತ್ತು, ಮೂವತ್ತು ಎಣಿಸಿ, ಮತ್ತೆ ಹಾಕುವುದು. ಅವಳು ಹಾಗೇ ಮಾಡಿದಳು. ಮೂವತ್ತು ಸಾಲದೇನೋ ಎಂದು ಅರವತ್ತು ಎಣಿಸಿದಳು. ಆಮೇಲೆ ಫೋನ್ ಹಿಡಿದು ಅಡುಗೆಮನೆಗೆ ಹೋದಳು, ಹಿತ್ತಲಿಗೆ ಹೋದಳು, ಬಾಳೆಗಿಡದ ಬುಡಕ್ಕೆ ಹೋದಳು. ಫೋನಿನಲ್ಲಿ ಕಾಳು ಇದೆಯೆಂದುಕೊಂಡು ಕೋಳಿಯೂ ಹಿಂದೆ ಹಿಂದೆಯೇ ಬಂತು. ಅಮ್ಮನ ಫೋನು ಅಮ್ಮನ ಜೊತೆ ಬ್ಯೂಟಿ ಪಾರ್ಲರಿಗೆ ಕೆಲಸಕ್ಕೆ ಹೋಗಿತ್ತು. ಇವಳ ಕೈಲಿದ್ದದ್ದು ಸಿಮ್ ಇಲ್ಲದ ಹಳೇ ಫೋನು.

ಕೊನೆಗೆ ಅಜ್ಜಿಯ ಕೋಣೆಯ ಬೀರುವಿನ ಪಕ್ಕ ಬಂದಾಗ ಒಂದು ಗೀಟು ಮೂಡಿತು. ಎರಡು ಹೆಜ್ಜೆ ಹಿಂದೆ ಹೋದರೆ ಮಾಯ.

ಅವಳು ಕುರ್ಚಿ ಎಳೆದು ಹತ್ತಿದಳು. ಬೀರುವಿನ ಮೇಲೆ ರೌಟರ್ ಇರಲೇ ಇಲ್ಲ. ಅದರ ವೈರುಗಳು ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬದೊಳಗೆ ಹೋಗಿದ್ದವು. ಮುಚ್ಚಳದ ಮೇಲೆ ಇಸ್ತ್ರಿಪೆಟ್ಟಿಗೆ ಹೇರಲಾಗಿತ್ತು.

ಮುಚ್ಚಳ ತೆಗೆದಳು. ಒಳಗೆ ಆರೂ ಆಂಟೆನಾ ಮಡಚಿಕೊಂಡು ರೌಟರ್ ಕೂತಿತ್ತು. ಅದರ ಪಕ್ಕದಲ್ಲಿ, ತಲೆ ಕೆಳಗಾಗಿ ಕಾಲು ಮೇಲಾಗಿ, ಸಂತ ಆಂತೋನಿಯೋನ ಪುಟ್ಟ ಮೂರ್ತಿ.

ಅಷ್ಟರಲ್ಲಿ ಫೆಫಾ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು.

“ಮುಟ್ಟಬೇಡ ಕಣೇ. ಶಿಕ್ಷೇಲಿದಾನೆ ಅವನು.”

ಕಳೆದದ್ದನ್ನು ಹುಡುಕಿಕೊಡುವ ಸಂತ ಆಂತೋನಿಯೋ ಕೇಳಿದ್ದು ಕೊಡದಿದ್ದರೆ ಅವನನ್ನು ತಲೆಕೆಳಗೆ ನಿಲ್ಲಿಸುವುದು ಆ ಊರಿನ ಮನೆಮನೆಯಲ್ಲೂ ಇದ್ದದ್ದೇ. ಅಜ್ಜಿಯ ಕಿವಿಯೋಲೆ ಹುಡುಕಿಕೊಟ್ಟದ್ದು ಅವನೇ, ತಪ್ಪಿಸಿಕೊಂಡ ಮೇಕೆಯನ್ನು ತಂದದ್ದೂ ಅವನೇ. ಹಡಗು ಬಾರದ ಶನಿವಾರವೇ ಅಜ್ಜಿ ಅವನನ್ನು ಡಬ್ಬಕ್ಕೆ ಹಾಕಿದ್ದಳು. ಏನು ತರಬೇಕೆಂದು ಅವನಿಗೆ ಮರೆಯದಿರಲಿ ಎಂದು ರೌಟರನ್ನೂ ಜೊತೆಗೆ ಇಟ್ಟಿದ್ದಳು. ನಿನ್ನೆ ಚಿಕ್ಕಪ್ಪ ಬರುವ ಮೊದಲು ಹಳೆಯದನ್ನು ಹೊರಗಿಟ್ಟು, ಅವನು ಹೋದ ಮೇಲೆ ಹೊಸದನ್ನು ಒಳಗೆ ತುರುಕಿದ್ದಳು. ತಗಡು ಸಿಗ್ನಲ್ಲನ್ನು ತಡೆದೀತೆಂದು ಅವಳಿಗೆ ಹೊಳೆದಿರಲಿಲ್ಲ.

“ಅಜ್ಜಿ, ಚಿಕ್ಕಪ್ಪ ಇಟ್ಟಾಗ ಇಂಟರ್ನೆಟ್ ಬಂದಿತ್ತಲ್ಲ! ಆಗ್ಲೇ ಬಿಟ್ಬಿಡ್ಬೇಕಾಗಿತ್ತು ಇವನನ್ನ.”

“ಇಂಟರ್ನೆಟ್ ಯಾರು ಕೇಳಿದ್ರು ಅವನನ್ನ?” ಅಜ್ಜಿ ಕತ್ತನ್ನು ಒರೆಸಿಕೊಳ್ಳುತ್ತ ಬೇರೆ ಕಡೆ ನೋಡಿದಳು. “ನಾನು ಕೇಳಿದ್ದು ನನ್ನ ಮಗನ್ನ.”

ಯೋಕಾಸ್ತಾಳಿಗೆ ನಗು ಗಂಟಲವರೆಗೆ ಬಂದಿತ್ತು. ಅದು ಅಲ್ಲೇ ನಿಂತಿತು. ಅಜ್ಜಿಯ ಮುಖದ ತುಂಬ ಪೌಡರು ಇತ್ತು. ಕಿವಿಯಲ್ಲಿ ಅದೇ ಓಲೆ ಇತ್ತು. ಮನೆಯಲ್ಲಿ ಇರುವಾಗ ಅಜ್ಜಿ ಓಲೆ ಹಾಕಿಕೊಳ್ಳುವವಳೇ ಅಲ್ಲ. ಪ್ರತಿ ಶನಿವಾರ ಹೀಗೇ ಅಲಂಕಾರ ಮಾಡಿಕೊಂಡು ಬಾಗಿಲ ಹಿಂದೆಯೇ ನಿಂತಿರುತ್ತಿದ್ದಳೇ? ತಾನು ಒಂದು ದಿನವೂ ತಿರುಗಿ ನೋಡಿರಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

“ಅಪ್ಪ ಫೋನಲ್ಲಿ ಬಂದ ಕೂಡ್ಲೇ ಇವನನ್ನ ನೆಟ್ಟಗೆ ನಿಲ್ಲಿಸ್ತೀಯಾ, ಅಜ್ಜಿ?”

“ಮಾತು ಅಂದ್ರೆ ಮಾತು.”

ಯೋಕಾಸ್ತಾ ರೌಟರನ್ನು ಡಬ್ಬದಿಂದ ಎತ್ತಿ ಬೀರುವಿನ ಮೇಲಿಟ್ಟು, ಆರೂ ಕೊಂಬು ಬಿಡಿಸಿದಳು. ಫೋನಿನಲ್ಲಿ ಗೀಟುಗಳು ಒಂದೊಂದಾಗಿ ಮೂಡಿದವು. ನಾಲ್ಕು ಗಂಟೆ ಎರಡು ನಿಮಿಷಕ್ಕೆ ಕಾಲ್ ಬಂತು. ಪರದೆಯ ತುಂಬ ಅಪ್ಪನ ಮೂಗು ಕಂಡಿತು. ಅಮ್ಮನ ಮೆಸೇಜು ಮುಟ್ಟಿತ್ತೇನೋ, ಹಲ್ಲು ತೋರಿಸು ಎಂದ.

ಯೋಕಾಸ್ತಾ ಬಾಯಿ ತೆರೆಯಲಿಲ್ಲ. ಕುರ್ಚಿಯಿಂದ ಇಳಿದು ಅಜ್ಜಿಯನ್ನು ಅಲ್ಲಿ ಕೂರಿಸಿ, ಫೋನನ್ನು ಅವಳ ಕೈಗೆ ಕೊಟ್ಟಳು.

ಅಜ್ಜಿ ಇಪ್ಪತ್ತೇಳು ನಿಮಿಷ ಮಾತಾಡಿದಳು. ಅದರಲ್ಲಿ ಇಪ್ಪತ್ತು ನಿಮಿಷ, ಹಡಗಿನಲ್ಲಿ ಎಲ್ಲರಿಗೂ ಅಡುಗೆ ಮಾಡುವ ಮಗ ತಾನು ಊಟ ಮಾಡುತ್ತಾನೋ ಇಲ್ಲವೋ ಎಂಬ ವಿಚಾರಣೆಯೇ. ಕೊನೆಯ ನಿಮಿಷದಲ್ಲಿ ಯೋಕಾಸ್ತಾ ಶಿಳ್ಳೆ ಹಾಕಿದಳು. ಅರ್ಧ ಸಾಲು, ಉಳಿದದ್ದು ಎಂಜಲು. ಅಪ್ಪ ಪರದೆ ಒರೆಸಿಕೊಂಡಂತೆ ನಟಿಸಿದ.

ಸಂಜೆ ಚಿಕ್ಕಪ್ಪ ಬಂದು ಎಲ್ಲಾ ಆರು ಕೊಂಬಿನ ಮಹಿಮೆ ಎಂದ. ಅಲ್ಲ, ಸಂತನ ಮಹಿಮೆ ಎಂದಳು, ಅವನನ್ನು ಆಗಲೇ ನೆಟ್ಟಗೆ ನಿಲ್ಲಿಸಿದ್ದ ಅಜ್ಜಿ. ಯೋಕಾಸ್ತಾ ಇಬ್ಬರ ಮಾತಿಗೂ ತಲೆಯಾಡಿಸಿದಳು.

ಆಮೇಲೆ ಮೂಲೆಯ ಅಂಗಡಿಗೆ ಹೋಗಿ ಬಿಸ್ಕತ್ತು ತಂದು, ಆ ಡಬ್ಬದ ತುಂಬ ಒತ್ತಿ ಒತ್ತಿ ತುಂಬಿದಳು. ಮುಂದಿನ ಶನಿವಾರ ಹಡಗು ಬಾರದಿದ್ದರೂ ಅದರಲ್ಲಿ ಒಬ್ಬ ಸಂತನಿಗೂ ಜಾಗ ಇರಬಾರದು. ಮುಚ್ಚಳ ಹಾಕುವ ಮೊದಲು ಒಂದು ಬಿಸ್ಕತ್ತು ತೆಗೆದು ಅಜ್ಜಿಗೆ ಕೊಟ್ಟು, ಅವಳ ಪಕ್ಕದಲ್ಲೇ ಕೂತಳು.