ಜಾನಕಿ ಅತ್ತಿ ಹೊಡೆಯದ ಸ್ಮ್ಯಾಶ್

“ಬಾಲ್ ಒಡದ ಹೋಗತೈತಿ ಅಂದ್ರ ಹ್ಯಾಂಗ? ಪಟಾಕಿ ಒಡದಂಗೇನ?” ಎಂದು ಶಾಬುದ್ದೀನ ಕೇಳಿದ.

“ಅದಕಿಂತ ಜೋರ,” ಎಂದಳು ನಲಿನಿ. “ನಮ್ಮತ್ತಿ ಒಂದು ಸ್ಮ್ಯಾಶ್ ಹೊಡದ್ರ ಮುಗೀತು, ಢಂ! ಜೈಪುರದಾಗ ಮೂರು ಬಾಲ್ ಒಡದಾಳ.”

“ಮೊನ್ನೆ ಎರಡ ಅಂದಿದ್ದಿ,” ಎಂದಳು ಮುಂದಿನ ಬೆಂಚಿನ ನೀಲಗಂಗವ್ವ, ತಿರುಗಿ ನೋಡದೆ.

“ಮೂರನೇದು ಆಮ್ಯಾಲೆ ನೆನಪಾತು.”

ಐದನೇ ಇಯತ್ತೆಯ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ನಲಿನಿಗೆ ನಗು ಹೊಸದಲ್ಲ. ರಾಣೆಬೆನ್ನೂರಿನ ಆ ಶಾಲೆಯಲ್ಲಿ ಅವಳ ಜಾನಕಿ ಅತ್ತಿಯ ಕತೆ ವಾರಕ್ಕೊಂದು ಗೇಣು ಬೆಳೆಯುತ್ತಿತ್ತು.

ನಗು ಅಲ್ಲಿಗೇ ನಿಂತಿದ್ದರೆ ಚಿಂತೆ ಇರಲಿಲ್ಲ. ಆಟದ ಮಾಸ್ತರರಾದ ಪರಮೇಶಪ್ಪನವರು ಒಳಗೆ ಬಂದು, “ಬರೋ ಐತವಾರ ಬ್ಯಾಡಗಿಯಾಗ ವಾಲಿಬಾಲ್ ಟೂರ್ನಮೆಂಟ್ ಐತಿ. ರೈಲ್ವೆ ಹೆಣ್ಮಕ್ಕಳ ಟೀಮ್ ಬರತೈತಿ. ನಮ್ಮ ನಲಿನಿ ಅತ್ತಿನೂ ಆಡ್ತಾರ. ಎಲ್ಲಾರೂ ಹೋಗೂಣು,” ಎಂದುಬಿಟ್ಟರು.

ತರಗತಿ ಹೋ ಎಂದು ಕೂಗಿತು. ನಲಿನಿ ಮಾತ್ರ ಪುಸ್ತಕ ತೆರೆದು ಮುಖ ಮರೆಮಾಡಿಕೊಂಡಳು. ಯಾಕೆಂದರೆ ಅತ್ತಿ ಆಡುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

ಮನೆಗೆ ಓಡಿಬಂದಾಗ ಅಜ್ಜಿ ಗೋದೂಬಾಯಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು.

“ಅಜ್ಜಿ, ಅತ್ತಿ ಖರೇನ ಬಾಲ್ ಒಡದಾಳೇನ?”

“ಬಾಲ್ ನನಗ ಗೊತ್ತಿಲ್ಲವಾ. ನನ್ನ ತಲಿ ಮಾತ್ರ ದಿನಾ ಒಡೀತಿದ್ಲು,” ಎಂದಳು ಅಜ್ಜಿ. “ಒಂಬತ್ತನೇ ಇಯತ್ತೆ ಇದ್ದಾಗ ಆಟಕ್ಕ ಚಡ್ಡಿ ಬೇಕಂತ ಹಟಾ ಹಿಡದ್ಲು. ನಾ ಒಲ್ಲೆ ಅಂದೆ. ಪಾದ ಮುಚ್ಚೂಹಂಗ ಪೈಜಾಮ ಹೊಲದ ಕೊಟ್ಟೆ. ಹಾವೇರಿಯಾಗ ಮ್ಯಾಚು. ಮ್ಯಾಲೆ ಜಿಗದ್ಲು, ಪೈಜಾಮ ಕಾಲಿಗೆ ತೊಡರಿ ಬೋರಲ ಬಿದ್ಲು. ಅರ್ಧಾ ಹಲ್ಲು ಹೋತು.”

“ಆಮ್ಯಾಲೆ?”

“ಆಮ್ಯಾಲೇನು? ನಾನ ಕತ್ರಿ ತಗೊಂಡು ಮೊಣಕಾಲ ತನಕಾ ಕತ್ತರಿಸಿದೆ. ಇರೂ ಹಲ್ಲಾದ್ರೂ ಉಳೀಲಿ ಅಂತ!”

ಜಾನಕಿ ಅತ್ತಿ ನಲಿನಿಯ ಅಪ್ಪನ ತಂಗಿ. ಸಣ್ಣವಳಿದ್ದಾಗ ಹಲಗೇರಿ ರಸ್ತೆಯ ಬಯಲಿನಲ್ಲಿ ಹುಡುಗರು ವಾಲಿಬಾಲ್ ಆಡುತ್ತಿದ್ದರೆ, ಇವಳು ದಂಡೆಯಲ್ಲಿ ನಿಂತು ಹೊರಗೆ ಬಿದ್ದ ಬಾಲ್ ತಂದುಕೊಡುತ್ತಿದ್ದಳಂತೆ. ಒಂದು ದಿನ ಒಬ್ಬ ಕಡಿಮೆಯಾದ. ಇವಳನ್ನು ಕರೆದರು. ಮರುದಿನ ಆ ಹುಡುಗ ಬಂದರೂ ಇವಳು ಜಾಗ ಬಿಟ್ಟುಕೊಡಲಿಲ್ಲ.

ಹಾಗೆ ಶುರುವಾದ ಆಟ ತಾಲೂಕು, ಜಿಲ್ಲೆ, ರಾಜ್ಯ ದಾಟಿತು. ಆಟ ನೋಡಿಯೇ ಹುಬ್ಬಳ್ಳಿಯ ರೈಲ್ವೆಯಲ್ಲಿ ನೌಕರಿ ಕೊಟ್ಟರು. ಹನ್ನೊಂದು ವರ್ಷದಿಂದ ಬೆಳಿಗ್ಗೆ ಐದಕ್ಕೆ ಪ್ರಾಕ್ಟೀಸ್, ಹತ್ತಕ್ಕೆ ಆಫೀಸು, ಸಂಜೆ ಮತ್ತೆ ಪ್ರಾಕ್ಟೀಸ್. ವರ್ಷಕ್ಕೆ ಮೂರು ಸಲ ಮನೆಗೆ ಬಂದು, ಒಂದಿಡೀ ದಿನ ನಿದ್ದೆ ಮಾಡಿ, ಆಡಿದ ಊರಿನಿಂದ ತಂದ ಬಳೆ, ರಿಬ್ಬನ್ನು ನಲಿನಿಗೆ ಕೊಟ್ಟು ಹೋಗುತ್ತಿದ್ದಳು. ಬಳೆಗಳನ್ನು ಅತ್ತಿ ತರುತ್ತಿದ್ದಳು, ಕತೆಗಳನ್ನು ನಲಿನಿ ತಾನೇ ಸೇರಿಸಿಕೊಳ್ಳುತ್ತಿದ್ದಳು.

ಐತವಾರ ಬ್ಯಾಡಗಿಯಲ್ಲಿ ಬಸ್ಸಿಳಿದ ಕೂಡಲೇ ಮಾಸ್ತರರು ಸೀನಿದರು. ಆಮೇಲೆ ಶಾಬುದ್ದೀನ, ಆಮೇಲೆ ಎಲ್ಲರೂ. ಮೆಣಸಿನಕಾಯಿಯ ಸುಗ್ಗಿ. ಊರಿಗೆ ಊರೇ ಕೆಂಪಾಗಿ, ಗಾಳಿಯಲ್ಲೇ ಘಾಟು ತುಂಬಿತ್ತು.

ಮೈದಾನದ ಸುತ್ತ ಜನವೋ ಜನ. ರೈಲ್ವೆ ತಂಡ ಸಾಲಾಗಿ ಬಂತು. ಎಲ್ಲರಿಗಿಂತ ಮುಂದೆ ಮರಿಯವ್ವ ಎಂಬ ಆಟಗಾರ್ತಿ, ಲೈಟಿನ ಕಂಬದಂತೆ ಎತ್ತರ. ಎಲ್ಲರಿಗಿಂತ ಹಿಂದೆ ಜಾನಕಿ ಅತ್ತಿ. ಮರಿಯವ್ವನ ಭುಜಕ್ಕೆ ಬರುತ್ತಿದ್ದಳು, ಅಷ್ಟೇ.

“ನಿಮ್ಮತ್ತಿ ಭಾಳ ಗಿಡ್ಡ ಅದಾಳಲ್ಲ?” ಎಂದಳು ನೀಲಗಂಗವ್ವ.

“ಜಿಗದಾಗ ಉದ್ದ ಆಗ್ತಾಳ,” ಎಂದಳು ನಲಿನಿ.

ಎದುರಿಗೆ ಬೆಂಗಳೂರಿನ ತಂಡ. ಆಟ ಶುರುವಾಯಿತು. ಬಾಲ್ ಬಂದಾಗಲೆಲ್ಲ ಅತ್ತಿ ನೆಟ್ ಹತ್ತಿರ ಓಡಿ, ಹತ್ತೂ ಬೆರಳಿನಿಂದ ಅದನ್ನು ಮೆತ್ತಗೆ ಮೇಲಕ್ಕೆ ಎತ್ತಿಕೊಡುತ್ತಿದ್ದಳು. ಮರಿಯವ್ವ ಹಾರಿ ಫಟ್ಟೆಂದು ಬಾರಿಸುತ್ತಿದ್ದಳು. ಜನ ಸೀಟಿ ಹೊಡೆಯುತ್ತಿದ್ದರು. ಅತ್ತಿ ಎತ್ತುವುದು, ಮರಿಯವ್ವ ಹೊಡೆಯುವುದು. ಮತ್ತೆ ಎತ್ತುವುದು, ಮತ್ತೆ ಹೊಡೆಯುವುದು.

“ನಿಮ್ಮತ್ತಿ ಯಾವಾಗ ಹೊಡೀತಾಳ?” ಎಂದಳು ನೀಲಗಂಗವ್ವ.

“ತಡಿ, ಈಗ ಹೊಡೀತಾಳ.”

ಒಂದು ಗೇಮ್ ರೈಲ್ವೆ ಗೆದ್ದಿತು. ಅತ್ತಿ ಹೊಡೆಯಲಿಲ್ಲ. ಇನ್ನೊಂದು ಗೇಮ್ ಬೆಂಗಳೂರು ಗೆದ್ದಿತು. ಆಗಲೂ ಹೊಡೆಯಲಿಲ್ಲ.

“ಒಡಿಯೂದು ಬ್ಯಾಡವಾ, ಒಮ್ಮೆ ಜೋರ ಬಡದ್ರೂ ಸಾಕು,” ಎಂದ ಶಾಬುದ್ದೀನ. ನಲಿನಿಗೆ ಅಳು ಬಂದಂತಾಯಿತು. ಮೆಣಸಿನಕಾಯಿ ಘಾಟು ಎಂದು ಕಣ್ಣೊರೆಸಿಕೊಂಡಳು.

ಹದಿನೈದು ಪಾಯಿಂಟಿನ ಮೂರನೆಯ, ಕಡೆಯ ಗೇಮ್ ಹದಿಮೂರು ಹದಿಮೂರಾಯಿತು. ಅತ್ತಿ ಬಾಲ್ ಎತ್ತಿಕೊಟ್ಟಳು. ಮರಿಯವ್ವ ಹಾರಿದಳು, ಮೇಲೆ ಹೋದಾಗಲೇ ಅವಳಿಗೆ ಸೀನು ಬಂತು. ಆ...ಕ್ಷೀ! ಬಾಲ್ ಸೀದಾ ನೆಟ್ಟಿಗೆ. ಮೈದಾನವೆಲ್ಲ ನಕ್ಕಿತು. ಮರಿಯವ್ವನ ಮುಖ ಮೆಣಸಿನಕಾಯಿಗಿಂತ ಕೆಂಪಾಗಿ, ಕಣ್ಣಲ್ಲಿ ನೀರು ತುಂಬಿತು. ಬೆಂಗಳೂರಿಗೆ ಹದಿನಾಲ್ಕು. ಇನ್ನೊಂದು ತಪ್ಪಿದರೆ ಮ್ಯಾಚೇ ಹೋಯಿತು.

ನಲಿನಿ ಎದ್ದು ನಿಂತು ಕೂಗಿದಳು, “ಅತ್ತಿ, ಅಕಿಗೆ ಕೊಡಬ್ಯಾಡ! ನೀನ ಹೊಡಿ!”

ಅತ್ತಿ ತಿರುಗಲಿಲ್ಲ. ಬಾಲ್ ಬಂತು. ಓರೆಯಾಗಿ, ದೂರಕ್ಕೆ. ಅತ್ತಿ ಓಡಿಹೋಗಿ ಅದರ ಕೆಳಗೆ ನುಸುಳಿ, ಮೊಣಕಾಲೂರಿ, ಅದನ್ನು ಮತ್ತೆ ಮರಿಯವ್ವನಿಗೇ ಎತ್ತಿದಳು. ಎಷ್ಟು ಮೆತ್ತಗೆ ಎಂದರೆ, ಬಾಲ್ ಒಂದು ಕ್ಷಣ ಮೇಲೆ ಕುಳಿತು ಮರಿಯವ್ವನ ಹಾದಿ ಕಾದಂತಿತ್ತು.

ಫಟ್!

ಹದಿನಾಲ್ಕು ಹದಿನಾಲ್ಕು. ಸರ್ವ್ ರೈಲ್ವೆಗೆ ಬಂತು. ನಲಿನಿ ಕೂರಲೇ ಇಲ್ಲ. ಈಗ ಅವಳಿಗೆ ಒಂದು ಸಂಗತಿ ಕಾಣಿಸಿತು. ಜನರೆಲ್ಲ ಮರಿಯವ್ವನನ್ನು ನೋಡುತ್ತಿದ್ದರು. ಆದರೆ ನೆಟ್ಟಿನ ಆಚೆ ಇದ್ದ ಆರು ಜನ ಮಾತ್ರ ಮರಿಯವ್ವನನ್ನು ನೋಡುತ್ತಲೇ ಇರಲಿಲ್ಲ. ಆರೂ ಜನ ಜಾನಕಿ ಅತ್ತಿಯ ಕೈಗಳನ್ನೇ ನೋಡುತ್ತಿದ್ದರು. ಅತ್ತಿ ಮುಂದಕ್ಕೆ ಎತ್ತುವಂತೆ ಮಾಡಿ ಬೆನ್ನ ಹಿಂದಕ್ಕೆ ಎತ್ತಿದಾಗ, ಅವರಲ್ಲಿ ಮೂವರು ಬಾಲೇ ಇಲ್ಲದ ಕಡೆ ಹಾರಿ, ಪೆಚ್ಚಾಗಿ ಕೆಳಗಿಳಿದರು.

ಹದಿನಾರು ಹದಿನಾಲ್ಕು. ರೈಲ್ವೆ ಗೆದ್ದಿತು.

ಮಕ್ಕಳು ಮೈದಾನಕ್ಕೆ ನುಗ್ಗಿದರು. ಅತ್ತಿ ಒಂದು ಕಲ್ಲಿನ ಮೇಲೆ ಕಾಲು ಚಾಚಿ ಕುಳಿತಿದ್ದಳು. ನೀಲಗಂಗವ್ವ ಸೀದಾ ಅವಳ ಮುಂದೆ ಹೋಗಿ ನಿಂತಳು.

“ಅಕ್ಕಾರ, ಜೈಪುರದಾಗ ನೀವು ಮೂರು ಬಾಲ್ ಒಡದೀರಂತ. ಖರೇನ್ರಿ?”

ನಲಿನಿ ನೆಲ ನೋಡತೊಡಗಿದಳು. ಅತ್ತಿ ನೀಲಗಂಗವ್ವನನ್ನು ನೋಡಿದಳು. ಆಮೇಲೆ ನಲಿನಿಯ ನೆತ್ತಿಯನ್ನು ನೋಡಿದಳು.

“ಮೂರಲ್ಲವಾ, ಒಂದ,” ಎಂದಳು. “ಅದೂ ಆಡುವಾಗಲ್ಲ. ಕುಂದರಾಕ ಜಾಗಾ ಇರಲಿಲ್ಲ, ಅದರ ಮ್ಯಾಲೆ ಕುಂತೆ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಲಿನಿಗೂ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಯಾರೋ “ಮರಿಯವ್ವ ಸಹಿ ಕೊಡಾಕತ್ತಾರ!” ಎಂದರು. ಮಕ್ಕಳು ನೋಟ್‌ಬುಕ್ ಹಿಡಿದು ಆ ಕಡೆ ಓಡಿದರು. ನಲಿನಿ ಅಲ್ಲೇ ಉಳಿದಳು.

“ಅತ್ತಿ, ಅಕಿ ತಪ್ಪಿಸಿದ್ಲಲ್ಲ, ಮತ್ತ ಅಕಿಗೇ ಯಾಕ ಕೊಟ್ಟಿ?”

“ಅಕಿ ಕಣ್ಣಾಗ ನೀರಿತ್ತು, ಅದು ನಿನಗ ಕಾಣಿಸಿತು. ಅಕಿ ಕಾಲು ಹಾರಾಕ ತಯಾರಿದ್ದವು, ಅದು ನನಗ ಕಾಣಿಸಿತು,” ಎಂದಳು ಅತ್ತಿ. “ಇದನ್ನ ಬಿಚ್ಚವಾ ಸ್ವಲ್ಪ. ನನಗ ಆಗವಲ್ದು.”

ಅತ್ತಿಯ ಬೆರಳಿಗೆಲ್ಲ ಬಿಳಿ ಪಟ್ಟಿ ಸುತ್ತಿತ್ತು. ನಲಿನಿ ಪಕ್ಕದಲ್ಲಿ ಕುಳಿತು ಒಂದೊಂದೇ ಬಿಚ್ಚತೊಡಗಿದಳು. ಒಳಗಿನ ಬೆರಳುಗಳು ಬಾತಿದ್ದವು. ಕಿರುಬೆರಳು ಸೊಟ್ಟಗಿತ್ತು. ಇಷ್ಟು ವರ್ಷ ಆ ಕೈಯಿಂದ ಬಳೆ ಇಸಿದುಕೊಂಡಿದ್ದರೂ ಅದನ್ನು ಅವಳು ನೋಡಿರಲೇ ಇಲ್ಲ. ನೋವಾಗದಂತೆ, ಇನ್ನೂ ಮೆಲ್ಲಗೆ ಬಿಚ್ಚುತ್ತ ಹೋದಳು.

ನೀಲಗಂಗವ್ವ ಏದುಸಿರು ಬಿಡುತ್ತಾ ಓಡಿಬಂದಳು. ನೋಟ್‌ಬುಕ್ ತೆರೆದು ನಲಿನಿಯ ಮೂಗಿಗೆ ಹಿಡಿದಳು.

“ನೋಡು, ಮರಿಯವ್ವನ ಸಹಿ!” ಎಂದು, ನಲಿನಿ ಈಗ ಏನಾದರೂ ದೊಡ್ಡದೊಂದು ಹೇಳುತ್ತಾಳೆಂದು ಕಾದಳು.

ನಲಿನಿ ಸಹಿಯನ್ನು ನೋಡಿದಳು.

“ಕಡೀಕ ಹೊಡದ್ರಲ್ಲ, ಭಾಳ ಛಲೋ ಹೊಡದ್ರು,” ಎಂದಳು. ಆಮೇಲೆ ಅತ್ತಿಯ ಮುಂದಿನ ಬೆರಳನ್ನು ಹಿಡಿದುಕೊಂಡು ಪಟ್ಟಿಯ ತುದಿ ಹುಡುಕತೊಡಗಿದಳು.