ಬಿಚ್ಚಿಟ್ಟ ಪಂಪು

ಆ ಹಳೆಯ ಕಾರನ್ನು ಬೆಳಗ್ಗೆ ನನ್ನ ಗ್ಯಾರೇಜಿಗೆ ತಂದವರು ಒಬ್ಬ ಟೀಚರಮ್ಮ. ಸ್ಟಾರ್ಟರ್ ಚೆನ್ನಾಗಿಯೇ ತಿರುಗುತ್ತದೆ, ಇಂಜಿನ್ ಮಾತ್ರ ಒಮ್ಮೊಮ್ಮೆ ಹಿಡಿಯುವುದಿಲ್ಲ ಎಂದರು. ಮಗಳನ್ನು ಹೆರಿಗೆಗೆ ಪಕ್ಕದೂರಿನ ಆಸ್ಪತ್ರೆಗೆ ಸೇರಿಸಿದ್ದರಂತೆ, ಸಂಜೆಯೊಳಗೆ ಅಲ್ಲಿಗೆ ಹೋಗಲೇಬೇಕಿತ್ತು.

ಮಧ್ಯಾಹ್ನ ನಾನು ಒಳಗೆ ಕೂತು ಕೀ ತಿರುಗಿಸಿದೆ. ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿನ ಗುಂಯ್ ಸದ್ದು ಹಿಂದಿನಿಂದ ಬರಲಿಲ್ಲ, ಇಂಜಿನ್ ಹಿಡಿಯಲಿಲ್ಲ. ಬಿಸಿಲಿಗೆ ಪಕ್ಕದ ಸೀಟು ಕೈ ಸುಡುತ್ತಿತ್ತು. ನಾನು ಕೂತ ಡ್ರೈವರ್ ಸೀಟು ಮಾತ್ರ ತಣ್ಣಗೆ ಕೊರೆಯುತ್ತಿತ್ತು. ಸ್ಟೇರಿಂಗ್ ಯಾರದೋ ಅಂಗೈ ಬೆವರಿನಿಂದ ಒದ್ದೆಯಾದಂತಿತ್ತು.

"ನಮ್ಮೆಜಮಾನ್ರು ಅಲ್ಲಿ ಕೂತಿದ್ದಾಗಲೇ ಹೋದ್ರಣ್ಣ," ಎಂದರು ಆಕೆ. "ಸಿಗ್ನಲ್ ಹಸಿರಾಯ್ತು, ಹೊರಡ್ರೀ ಅಂದೆ. ಹೊರಡಲಿಲ್ಲ."

ನಾನು ಕೆಳಗಿಳಿದೆ. "ಪಂಪು ಕೈಕೊಡ್ತಿದೆ ಅಕ್ಕ, ಹೊಸದು ಹಾಕ್ತೀನಿ," ಎಂದು ಹಿಂದಿನ ಸೀಟು ಎತ್ತಿ, ಪಂಪು ಬಿಚ್ಚಿ ಮೇಜಿನ ಮೇಲಿಟ್ಟು ಕೈ ಒರೆಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಆಕೆ ಪಕ್ಕದ ಸೀಟಿನಲ್ಲಿ ಹೋಗಿ ಕೂತರು. ಖಾಲಿ ಸೀಟಿನ ಕಡೆ ತಿರುಗಿ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು.

"ಮಗಳು ಕಾಯ್ತಿದಾಳೆ ಕಣ್ರೀ. ಹೊರಡೋಣ."

ಕೈ ಚಾಚಿ ಕೀ ತಿರುಗಿಸಿದರು. ಹಿಂದಿನಿಂದ ಗುಂಯ್ ಎಂಬ ಸದ್ದು ಬಂತು. ಇಂಜಿನ್ ಒಂದೇ ಏಟಿಗೆ ಹಿಡಿಯಿತು.

ಪೈಪಿನಲ್ಲಿ ಉಳಿದ ಪೆಟ್ರೋಲಿಗೆ ಇಂಜಿನ್ ಒಂದೆರಡು ಗಳಿಗೆ ಓಡಬಹುದು, ಅದನ್ನು ನಾನು ಒಪ್ಪುತ್ತೇನೆ. ಆ ಕಾರು ಆಕೆ ಅತ್ತು, ಕಣ್ಣೊರೆಸಿಕೊಂಡು, ತಾವಾಗಿ ಆಫ್ ಮಾಡುವವರೆಗೂ ಓಡಿತು. ಪಂಪು ನನ್ನ ಮೇಜಿನ ಮೇಲೆಯೇ ಇತ್ತು.