ಒಂದೇ ಮೈಕಿನ ಸಂಧಾನ

"ಮೈಕ್ ಒಂದ ಐತಿ ನೋಡ್ರಿ. ಇಬ್ರೂ ಹೆಗಲಿಗೆ ಹೆಗಲು ಹಚ್ಚಿ ನಿಂದ್ರಬೇಕು," ಎಂದು ಹೇಳಿ ಅಡಿವೆಯ್ಯ ಮಾಸ್ತರು ಹಾರ್ಮೋನಿಯಂ ಮುಂದೆ ಕೂತುಬಿಟ್ಟರು.

ಇಜಾಬೆಲ್ ಬಾಗಿಲಲ್ಲೇ ನಿಂತಳು. ಚಪ್ಪಲಿ ಬಿಡಲು ಬಗ್ಗಿದ್ದವಳು ಹಾಗೆಯೇ ತಲೆಯೆತ್ತಿದಳು.

ಮೈಕಿನ ಆಚೆ ಬದಿಗೆ ನಿಂತಿದ್ದವನು ಅಂಕುಶ!

ಅದೇ ಅಗಲ ಹೆಗಲು. ಮಾತಾಡುವ ಮೊದಲು ನೆಲ ನೋಡುವ ಅದೇ ಚಾಳಿ. ಎರಡು ವರ್ಷದಲ್ಲಿ ಸ್ವಲ್ಪ ಬಡವಾಗಿದ್ದ, ಅಷ್ಟೇ.

'ನಾಟಕದಲ್ಲಿ ಆ ಕಡೆಯ ಮಂತ್ರಿ ಇವನೇನಾ? ಗೊತ್ತಿದ್ದರೆ ನಾನು ಈ ಊರಿನ ಕಡೆ ತಲೆ ಹಾಕಿ ಮಲಗುತ್ತಲೂ ಇರಲಿಲ್ಲ...'

ಅವನಿಗೂ ಗೊತ್ತಿರಲಿಲ್ಲ ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು. ಮಾಸ್ತರು ಆಕೆಗೆ ಮುಂಡಗೋಡದಲ್ಲಿ ಹಾಡಿನ ಪಾಠ ಹೇಳಿದ್ದರು, ಅವನಿಗೆ ಹಳಿಯಾಳದಲ್ಲಿ. ಅವನ ಊರು ಕುಂಬಾರವಾಡದಿಂದ ಈ ಮುಂಡಗೋಡಕ್ಕೆ ದಿನಾ ಬರಲು ಬಸ್ಸೆಲ್ಲಿದೆ? ಇಬ್ಬರೂ ತಮ್ಮ ತಮ್ಮ ಪಾಲಿನ ಹಾಡು ಕಲಿತು, ರೆಕಾರ್ಡಿಂಗ್ ದಿನವೇ ಎದುರಾಗಿದ್ದರು.

ಕೋಣೆ ಎಂದರೆ ಬಾಲುವಿನ ಕ್ಯಾಸೆಟ್ ಅಂಗಡಿಯ ಹಿಂಭಾಗ. ದನಿ ಗೋಡೆಗೆ ಬಡಿದು ತಿರುಗಿ ಬರಬಾರದೆಂದು ಟಿಬೆಟನ್ ಕಾಲೊನಿಯಿಂದ ತಂದ ದಪ್ಪ ಕಂಬಳಿಗಳನ್ನು ಸುತ್ತಲೂ ಇಳಿಬಿಟ್ಟಿದ್ದ. ಫ್ಯಾನ್ ಹಾಕಿದರೆ ಅದರ ಸದ್ದೂ ಕ್ಯಾಸೆಟ್ಟಿಗೆ ಸೇರುತ್ತದೆಂದು ಫ್ಯಾನೂ ಇಲ್ಲ. ಆ ಸೆಖೆಯಲ್ಲಿ, ಆ ಕಂಬಳಿಗಳ ನಡುವೆ, ಇಜಾಬೆಲ್ ಅವನ ಪಕ್ಕ ಹೋಗಿ ನಿಲ್ಲಬೇಕಾಗಿತ್ತು.

ನಿಂತಳು. ಆದರೆ ಮುಖ ಮಾತ್ರ ಸಕ್ಕುಬಾಯಿಯ ಕಡೆ ತಿರುಗಿಸಿದಳು. ಸಕ್ಕುಬಾಯಿ ಚಿಗಳ್ಳಿಯವಳು, ವಯಸ್ಸಿನಲ್ಲಿ ಇಬ್ಬರಿಗಿಂತ ಹಿರಿಯಳು. ನಾಟಕದಲ್ಲಿ ಎರಡು ದೇಶದ ಮಂತ್ರಿಗಳ ನಡುವೆ ನಿಲ್ಲುವ ದುಭಾಷಿ.

"ಅಕ್ಕಾ, ಅವ್ರಿಗೆ ಹೇಳ್ರಿ. ಮೈಕಿನಿಂದ ಒಂದೀಟು ಸರದು ನಿಂದ್ರಾಕ."

ಸಕ್ಕುಬಾಯಿ ಆಕೆಯನ್ನೂ ನೋಡಿದಳು, ಅವನನ್ನೂ ನೋಡಿದಳು. "ಅಂವಗ ಕಿವಿ ಇಲ್ಲೇನವಾ? ನಾ ನಾಟಕದಾಗಷ್ಟ ದುಭಾಷಿ."

"ಸರೀತೇನಂತ ಹೇಳ್ರಿ ಅವ್ರಿಗೆ," ಎಂದ ಅಂಕುಶ, ನೆಲ ನೋಡುತ್ತ.

*

ನಾಟಕದ ಹೆಸರು 'ಗಡಿ ಬಂಗಲೆ'. ಹಿಂದಿನ ವರ್ಷ ಪೇಪರಿನಲ್ಲಿ ಎರಡು ದೇಶದ ದೊಡ್ಡವರು ಗಡಿಯಲ್ಲಿ ಕೈ ಕುಲುಕಿದ ಫೋಟೋ ಬಂದಿತ್ತು, ಮಳೆಗಾಲ ಬರುವಷ್ಟರಲ್ಲಿ ಗುಂಡಿನ ಸುದ್ದಿ ಬಂತು. ಆ ಸಂಕಟದಲ್ಲೇ ಮಾಸ್ತರು ಬರೆದದ್ದು. ಅದರಲ್ಲಿ ಆಡುವ ಮಾತು ಒಂದೂ ಇಲ್ಲ. ಎಲ್ಲವೂ ಹಾಡು. ಚಹಾ ತರಿಸುವುದೂ ಹಾಡಿನಲ್ಲೇ, ಕುರ್ಚಿ ಎಳೆದುಕೊಳ್ಳುವುದೂ ಹಾಡಿನಲ್ಲೇ. ಊರಿನವರು ಇದನ್ನು ಹಿಡಿದು ಮಾಸ್ತರನ್ನು ಆಡಿಕೊಂಡು ನಕ್ಕಿದ್ದರು. ಮಾಸ್ತರು ಕಿವಿಗೆ ಹಾಕಿಕೊಳ್ಳಲಿಲ್ಲ.

ಕಥೆ ಸಣ್ಣದು. ಎರಡು ದೇಶಗಳ ನಡುವೆ ಒಂದು ಹೊಳೆ. ಜಗಳದಿಂದಾಗಿ ದೋಣಿ ನಿಂತಿದೆ. ಆಚೆ ದಡಕ್ಕೆ ಮದುವೆಯಾಗಿ ಹೋದ ಮಗಳು ಈಚೆ ದಡದ ತವರಿಗೆ ಬರುವಂತಿಲ್ಲ. ಎರಡೂ ಕಡೆಯ ಮಂತ್ರಿಗಳು ಗಡಿಯ ಬಂಗಲೆಯಲ್ಲಿ ಕೂತು ಮಾತಾಡುತ್ತಾರೆ. ವಾದಿಸುತ್ತಾರೆ, ಎದ್ದು ಹೋಗುತ್ತಾರೆ, ಮತ್ತೆ ಬಂದು ಕೂರುತ್ತಾರೆ. ಕೊನೆಗೆ ಈ ಕಡೆಯ ಮಂತ್ರಿ ಕೇಳುತ್ತಾಳೆ, ದೋಣಿ ಬಿಡೋಣವೇ ಎಂದು. ಆಚೆಯ ಮಂತ್ರಿ ಒಪ್ಪುತ್ತಾನೆ.

ಆ ಒಪ್ಪಿಗೆಯ ಮಾತೇ ನಾಟಕದ ಕೊನೆಯ ಮಾತು. 'ಆತು ಬಿಡು.'

ಹಾಡಿನ ಹಾಳೆಯಲ್ಲಿ ಆ ಎರಡು ಶಬ್ದ ಕಂಡ ದಿನವೇ ಇಜಾಬೆಲ್‌ಗೆ ಹಾಳೆಯನ್ನು ಹರಿದುಬಿಡಬೇಕೆನಿಸಿತ್ತು.

ಏಕೆಂದರೆ ಎರಡು ವರ್ಷದ ಹಿಂದೆ, ಹಳಿಯಾಳದ ಹಾಡಿನ ಶಿಬಿರ ಮುಗಿದ ಸಂಜೆ, ಬಸ್ ನಿಲ್ದಾಣದಲ್ಲಿ ಆಕೆ ಒಂದು ಪ್ರಶ್ನೆ ಕೇಳಿದ್ದಳು. ಅಂಕುಶ ಕುಂಬಾರವಾಡದ ಬಸ್ಸಿನ ಕಿಟಕಿಯಲ್ಲಿ ಕೂತಿದ್ದ. ಕಂಡಕ್ಟರ್ ಸೀಟಿ ಊದಿಯಾಗಿತ್ತು. ಇನ್ನು ಸುಮ್ಮನಿದ್ದರೆ ಆಗದೆಂದು ನಾಚಿಕೆ ಬಿಟ್ಟು ಕೇಳಿದ್ದಳು.

"ಅಂಕುಶ, ನಾ ನಮ್ಮಪ್ಪನ ಮುಂದ ನಿನ್ನ ಹೆಸರು ತಗೀಲೇನು?"

ಅವನು ನೆಲ ನೋಡಿದ್ದ. "ಆತು ಬಿಡು" ಎಂದಿದ್ದ.

ದನಿ ಬಾವಿಗೆ ಬಿದ್ದ ಕೊಡದಂತೆ ಕೆಳಗಿಳಿದು ಹೋಗಿತ್ತು. ಬಸ್ಸು ಹೊರಟಿತ್ತು.

ಆಯಿತು, ಮುಗಿಯಿತು, ಬಿಟ್ಟುಬಿಡು... ಅಷ್ಟೇ! ಕಾರಣವನ್ನೂ ಹೇಳಲಿಲ್ಲ. ಆ ರಾತ್ರಿ ಅಪ್ಪ ಪಾವ್ಲು ಊಟಕ್ಕೆ ಕೂತಾಗ, ಮಗಳ ಮುಖ ಯಾಕೆ ಹೀಗಿದೆ ಎಂದು ಕೇಳಿದ್ದ. ತಲೆನೋವು ಎಂದಿದ್ದಳು. ಅಂಕುಶನಿಂದ ಸುದ್ದಿ ಬರಲಿಲ್ಲ. ಆಕೆಯೂ ಕೇಳಲಿಲ್ಲ.

ಈಗ ದಾಂಡೇಲಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನೆಂದು ಎಲ್ಲರೂ ಹೇಳುತ್ತಿದ್ದರು. ರವಿವಾರ ಅವರು ಮಾತು ತಗೊಂಡು ಹೋಗಲು ಬರುವವರಿದ್ದರು. ಬಾಲವಾಡಿಯಲ್ಲಿ ಮಕ್ಕಳಿಗೆ ಹಾಡು ಕಲಿಸಿಕೊಂಡು ಎಷ್ಟು ವರ್ಷ ಹೀಗೇ ಇರುತ್ತೀ ಎಂದು ಅಪ್ಪ ಮೆಲ್ಲಗೆ ಕೇಳಿದ್ದ. ಇಜಾಬೆಲ್ ಇನ್ನೂ ಹೂಂ ಎಂದಿರಲಿಲ್ಲ. ಈ ರೆಕಾರ್ಡಿಂಗ್ ಒಂದು ಮುಗಿಯಲಿ, ಮನೆಗೆ ಹೋಗಿ ಹೂಂ ಎನ್ನುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದಳು.

ಬಂದರೆ... ಇವನು!

*

ಬೆಳಿಗ್ಗೆಯಿಂದ ಒಂದೂ ಸರಿಹೋಗಲಿಲ್ಲ.

ಮೊದಲ ಹಾಡು ಅರ್ಧಕ್ಕೆ ಬರುತ್ತಲೇ ಹಿಂದಿನ ಕಣದಲ್ಲಿ ಗೋವಿನಜೋಳ ಬಿಡಿಸುವ ಮಿಷನ್ ಶುರುವಾಯಿತು. ಬಾಲು ಹೋಗಿ ಕೈಮುಗಿದು ನಿಲ್ಲಿಸಿ ಬಂದ. ಮತ್ತೆ ಹಾಡು ಹಿಡಿದರೆ ಕರೆಂಟ್ ಹೋಯಿತು. ಕರೆಂಟ್ ಬಂದರೆ ಡೆಕ್ ಟೇಪನ್ನು ನುಂಗಿತು. ಬಾಲು ಪೆನ್ಸಿಲ್ ತೂರಿಸಿ ಟೇಪ್ ಸುತ್ತುತ್ತ ಕೂತ. ಮಾಸ್ತರು ಟವೆಲ್ಲಿನಿಂದ ಕತ್ತು ಒರೆಸಿಕೊಂಡರು.

ಅದೆಲ್ಲ ಯಂತ್ರದ ತಪ್ಪು. ಮನುಷ್ಯರದ್ದು ಬೇರೆಯೇ ಇತ್ತು.

ನಯವಾಗಿ ಹಾಡಬೇಕಾದ ಸ್ವಾಗತದ ಪದವನ್ನು ಇಜಾಬೆಲ್ ಬಾಗಿಲು ಬಡಿದಂತೆ ಹಾಡಿದಳು. 'ಬರ್ರಿ, ನಿಮ್ಮ ಬರುವಿಕೆಯಿಂದ ನಮ್ಮ ದಡ ತಂಪಾಯಿತು' ಎಂಬ ಸಾಲು ಆಕೆಯ ಬಾಯಲ್ಲಿ ಬೈಗುಳದಂತೆ ಕೇಳಿಸಿತು. ಅಂಕುಶ ಮೈಕಿನಿಂದ ಎಷ್ಟು ದೂರ ಸರಿದಿದ್ದನೆಂದರೆ ಅವನ ದನಿಯೇ ಟೇಪಿಗೆ ಸಿಗಲಿಲ್ಲ. ಹತ್ತಿರ ಬಾ ಎಂದು ಮಾಸ್ತರು ಹೇಳಿದರೆ ಅವನ ತೋಳು ಆಕೆಯ ತೋಳಿಗೆ ತಾಗುತ್ತಿತ್ತು. ತಾಗಿದ ಕೂಡಲೇ ಆಕೆ ತಾಳ ತಪ್ಪುತ್ತಿದ್ದಳು.

'ಯಾಕೆ ತಪ್ಪುತ್ತಿದ್ದೇನೆ? ಮುಗಿದುಹೋದದ್ದಕ್ಕೆ ಮೈ ಯಾಕೆ ಹೀಗೆ ಬಿಸಿಯಾಗಬೇಕು?' ತನ್ನ ಮೇಲೆ ತನಗೇ ಸಿಟ್ಟು ಬಂತು.

ಅಂತೂ ಇಂತೂ ಮಧ್ಯಾಹ್ನದ ಮೇಲೆ ಕೊನೆಯ ಹಾಡಿಗೆ ಬಂದರು.

ಇಜಾಬೆಲ್ ಹಾಡಿದಳು. ದೋಣಿ ಬಿಡೋಣವೇ ಎಂದು ಕೇಳುವ ಸಾಲು. ಅದನ್ನು ಮಾತ್ರ ಎಲ್ಲೂ ಒರಟಾಗದಂತೆ ಹಾಡಿದಳು. ಬೇಕೆಂದರೂ ಒರಟಾಗಲಿಲ್ಲ.

ಅಂಕುಶ ಹಾಡಿದ. "ಆತು... ಬಿಡು."

ಮಾಸ್ತರು ಹಾರ್ಮೋನಿಯಂ ನಿಲ್ಲಿಸಿದರು. ಒಪ್ಪಿಗೆಯ ಪದ ಅದು, ದನಿ ಮೇಲೇರಬೇಕು ಎಂದರು. ಅವನು ತಲೆಯಾಡಿಸಿ ಮತ್ತೆ ಹಾಡಿದ. ದನಿ ಮತ್ತೆ ಕೆಳಗೇ ಇಳಿಯಿತು. ಮತ್ತೆ ನಿಲ್ಲಿಸಿದರು, ಮತ್ತೆ ಹಾಡಿದ. ಪ್ರತಿ ಸಲ ಆ ಎರಡು ಶಬ್ದ ಹಳಿಯಾಳದ ಬಸ್ಸಿನ ಕಿಟಕಿಯಿಂದ ಬಂದಂತೆಯೇ ಬಂದು ಇಜಾಬೆಲ್‌ಳ ಎದೆಗೆ ಬಡಿಯಿತು.

'ಒಂದು ಸಲ ಕೇಳಿದ್ದು ಸಾಲದೆಂದು ದೇವರು ಇವತ್ತಿಡೀ ಇದನ್ನೇ ಕೇಳಿಸುತ್ತಿದ್ದಾನಲ್ಲ...'

ಮಾಸ್ತರಿಗೆ ತಾಳ್ಮೆ ಮುಗಿಯಿತು. "ತಮ್ಮಾ, ನೀ ಸಂಧಾನ ಮುರದು ಹೊಂಟಿ. ನಾ ಬರದಿದ್ದು ಒಪ್ಪಿಗಿ."

"ನಾ ಒಪ್ಪಿಗಿನ ಹಾಡಾಕತ್ತೇನಲ್ರಿ ಮಾಸ್ತರ," ಎಂದ ಅಂಕುಶ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಬೆವರು ಹಣೆಯಿಂದ ಇಳಿಯುತ್ತಿತ್ತು. "ಮತ್ತ ಹೆಂಗ ಒಪ್ಪತಾರ?"

ಮಾಸ್ತರು ಬಾಲುವಿಗೆ ಟೇಪ್ ತಿರುಗಿಸಿ ಕೇಳಿಸಲು ಹೇಳಿದರು. ಬಾಲು ಗುಂಡಿ ಒತ್ತಿದ.

ಕಂಬಳಿಗಳ ನಡುವೆ ಮೊದಲು ಇಜಾಬೆಲ್‌ಳ ದನಿ ಬಂತು. ಮೆತ್ತಗೆ, ಆಸೆಯಿಂದ. ಆಮೇಲೆ ಅವನದು. ದಪ್ಪ, ತಣ್ಣಗೆ, ಕೆಳಗೆ ಕೆಳಗೆ... ಎಲ್ಲ ಮುಗಿಸಿ ಎದ್ದು ಹೋಗುವವನ ದನಿ.

ಅಂಕುಶ ಡೆಕ್ಕಿನ ಕಡೆ ತಿರುಗಿದ. ಅವನೂ ಆಕೆಯಂತೆ ಸಿದ್ದಿ ಜನಾಂಗದವನು; ಮನೆಯಲ್ಲಿ ಅವನಾಡುವುದು ಕೊಂಕಣಿ, ಕನ್ನಡ ಕಲಿತದ್ದು ಶಾಲೆಗೆ ಹೋಗಿ. ತನ್ನ ದನಿಯನ್ನು ಹೊರಗಿನಿಂದ ಅವನು ಇದುವರೆಗೆ ಕೇಳಿಯೇ ಇರಲಿಲ್ಲ.

"ಇನ್ನೊಮ್ಮೆ ಹಾಕು ಬಾಲು."

ಬಾಲು ಹಾಕಿದ.

"ನಾ ಹಿಂಗ ಅಂತೇನೇನು?" ಯಾರನ್ನೂ ಕೇಳಿದ್ದಲ್ಲ. ತನ್ನಷ್ಟಕ್ಕೇ ಅಂದುಕೊಂಡದ್ದು.

ಉತ್ತರ ಬಂದದ್ದು ಪಕ್ಕದಿಂದ. ಬೆಳಿಗ್ಗೆಯಿಂದ ಅವನೊಡನೆ ನೇರವಾಗಿ ಒಂದು ಮಾತೂ ಆಡದಿದ್ದ ಇಜಾಬೆಲ್, ದುಭಾಷಿಯನ್ನು ಮರೆತೇಬಿಟ್ಟಿದ್ದಳು.

"ಯಾವಾಗ್ಲೂ ಹಿಂಗ ಅಂತಿ. ಬಸ್ಸಿನ ಕಿಟಕ್ಯಾಗಿಂದಾನೂ ಹಿಂಗ ಅಂದಿ."

ಅಂಕುಶ ತಲೆಯೆತ್ತಿದ. ಆಕೆಯ ಮುಖ ನೋಡಿದ. ಏನೋ ಒಂದು ಅವನ ಕಣ್ಣಲ್ಲಿ ಮೆಲ್ಲಗೆ ತಿರುಗಿ ನಿಂತಿತು.

ಸಕ್ಕುಬಾಯಿ ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡಳು. ಚಹಾ ಕುಡಿಯದೆ ತನ್ನ ಗಂಟಲು ಕಟ್ಟಿದೆ ಎಂದು ಮಾಸ್ತರನ್ನು ಎಬ್ಬಿಸಿದಳು, ಬಾಲುವಿನ ತೋಳು ಹಿಡಿದು ಎಳೆದಳು. ಕಂಬಳಿ ಸರಿಸಿಕೊಂಡು ಮೂವರೂ ಹೊರಗೆ ಹೋದರು.

*

"ಅವತ್ತ... ನಿನಗ ಏನ್ ಕೇಳಿಸ್ತು?" ಎಂದ ಅಂಕುಶ.

"ಮುಗೀತು ಅಂತ ಕೇಳಿಸ್ತು. ಇನ್ನೇನ್ ಕೇಳಸ್ಬೇಕು?"

"ಇಜಾ, ನಾ ಒಪ್ಪಿಗಿ ಕೊಟ್ಟಿದ್ದೆ." ಅವನು ಒಂದು ಹೆಜ್ಜೆ ಹತ್ತಿರ ಬಂದ. "ಆತು, ಹೇಳಿಬಿಡು ಅಂತ. ನಮ್ಮ ಕಡೆ ಹೌದು ಅನ್ನೂಮುಂದ ದನಿ ಇಳಿಸೇ ಅಂತೀವಿ. ಏರಿಸಿ ಅಂದ್ರ ಜಗಳಕ್ಕ ಬಂದಾನ ಅಂತಾರ."

ಇಜಾಬೆಲ್ ಡೆಕ್ಕಿನ ಕಡೆ ನೋಡಿದಳು. ಆಕೆ ಬೆಳೆದದ್ದು ಸಿಸ್ಟರ್‌ಗಳ ಹಾಸ್ಟೆಲ್ಲಿನಲ್ಲಿ, ಕನ್ನಡ ಮಾತಾಡುವ ಹುಡುಗಿಯರ ನಡುವೆ. ಮನೆಯ ಕೊಂಕಣಿ ಆಕೆಗೆ ಅರ್ಧಂಬರ್ಧ. ಸಿದ್ದಿಯರ ಮಗಳಾಗಿಯೂ ಸಿದ್ದಿಯರ ಹುಡುಗನ ಹೌದು ಎಂಬ ಮಾತು ಆಕೆಗೆ ತಿಳಿದಿರಲಿಲ್ಲ.

ತಿಳಿದಾಗ ಮೊದಲು ಬಂದದ್ದು ಸಂತೋಷವಲ್ಲ. ಸಿಟ್ಟು!

"ಹಂಗಾರ ಬರಲಿಲ್ಲ ಯಾಕ ನೀ?"

"ನಿಮ್ಮಪ್ಪ ಕರೆ ಕಳಸ್ತಾನಂತ ಕಾದೆ. ಬಸ್ ಬಂದಾಗೆಲ್ಲ ಇಳಿಯೋ ಮಂದಿ ಮುಖ ನೋಡ್ಕೋತ ನಿಂತೆ. ಯಾರೂ ಬರಲಿಲ್ಲ. ನಿಮ್ಮಪ್ಪಗ ನಾ ಬ್ಯಾಡಾಗೇನಿ ಅಂತ ತಿಳಕೊಂಡೆ."

"ಬಂದು ಕೇಳಾಕ ಏನಾಗಿತ್ತು ನಿನಗ?"

"ನಿನಗ ಏನಾಗಿತ್ತು?"

ಹೌದಲ್ಲ... ತನಗೇನಾಗಿತ್ತು? ಒಂದು ಕಾರ್ಡ್ ಹಾಕಬಹುದಿತ್ತು. ಒಂದು ಬಸ್ ಹತ್ತಬಹುದಿತ್ತು. ಮುಗಿಯಿತು ಎಂದವನ ಬಾಗಿಲಿಗೆ ತಾನೇಕೆ ಹೋಗಬೇಕು ಎಂದು ಕೂತಳು. ಅವನೂ ಅಲ್ಲಿ ಹಾಗೆಯೇ ಕೂತ. ಇಬ್ಬರೂ ತಮ್ಮ ತಮ್ಮ ದಡದಲ್ಲಿ.

ಅಳು ಬಂತು. ಅಳುವಿನ ನಡುವೆಯೇ ಎಲ್ಲಿಂದಲೋ ನಗುವೂ ಬಂತು. ಮೈಕಿನ ಕಂಬ ಹಿಡಿದುಕೊಂಡು ಅತ್ತಳು, ನಕ್ಕಳು. ಅಂಕುಶ ಏನು ಮಾಡಬೇಕೆಂದು ತಿಳಿಯದೆ ತನ್ನ ಕೈವಸ್ತ್ರ ಚಾಚಿದ. ಅದು ಬೆವರಿನಿಂದ ಒದ್ದೆಯಾಗಿತ್ತು. ಆಕೆ ಅದರಲ್ಲೇ ಕಣ್ಣೊರೆಸಿಕೊಂಡಳು.

"ರವಿವಾರ ದಾಂಡೇಲಿಯವ್ರು ಬರ್ತಾರ," ಎಂದಳು. "ನನ್ನ ಮಾತು ತಗೊಂಡು ಹೋಗಾಕ."

ಅಂಕುಶ ಚಾಚಿದ್ದ ಕೈಯನ್ನು ಕೆಳಗಿಳಿಸಿದ. "ಮಾತು ಕೊಟ್ಟಿಯೇನು?"

"ಇನ್ನಾ ಇಲ್ಲ. ಇವತ್ತ ಮನಿಗೆ ಹೋಗಿ ಹೂಂ ಅನ್ನಾಕ ಹೊಂಟಿದ್ದೆ."

ಅವನು ನೆಲ ನೋಡಲಿಲ್ಲ. ಈ ಸಲ ಆಕೆಯನ್ನೇ ನೋಡಿದ.

"ಶನಿವಾರ ನಮ್ಮವ್ವನ ಕರ್ಕೊಂಡು ಬರ್ತೇನಿ. ಯಾರ ಕರೆ ಬರ್ಲಿ ಬಿಡ್ಲಿ. ನಿಮ್ಮಪ್ಪ ಬೈದ್ರ ಬೈಸ್ಕೋತೇನಿ, ಆದ್ರ ಅವನ ಬಾಯಿಂದನ ಕೇಳ್ತೇನಿ."

ಇಜಾಬೆಲ್ ಕೈವಸ್ತ್ರವನ್ನು ಮಡಚಿ, ಅವನಿಗೆ ತಿರುಗಿ ಕೊಡದೆ, ತನ್ನ ಚೀಲದಲ್ಲಿ ಇಟ್ಟುಕೊಂಡಳು.

*

ಮಾಸ್ತರು ಒಳಗೆ ಬಂದಾಗ ಇಬ್ಬರೂ ಮೈಕಿನ ಮುಂದೆ ಹೆಗಲಿಗೆ ಹೆಗಲು ಹಚ್ಚಿ ನಿಂತಿದ್ದರು. ಕೊನೆಯ ಹಾಡು ಇನ್ನೊಮ್ಮೆ ಆಯಿತು. ಅಂಕುಶನ ದನಿ ಈ ಸಲವೂ ಕೆಳಗೇ ಇಳಿಯಿತು.

ಮಾಸ್ತರು ಹಣೆ ಹಿಡಿದುಕೊಂಡರು. ಇದನ್ನು ಕೇಳಿದವರು ದೋಣಿ ಬಿಟ್ಟರೋ ಇಲ್ಲವೋ ಎಂದು ಜಗಳಾಡುತ್ತಾರೆ ಎಂದು ಗೊಣಗಿದರು.

"ಆಡ್ಲಿ ಬಿಡ್ರಿ ಮಾಸ್ತರ," ಎಂದಳು ಇಜಾಬೆಲ್. "ಇದ್ದಂಗ ಇರ್ಲಿ. ಅದು ಒಪ್ಪಿಗಿನ."

"ನಿನಗ ಹೆಂಗ ಗೊತ್ತವ್ವಾ?"

ಸಕ್ಕುಬಾಯಿ ಸೆರಗು ಬಾಯಿಗೆ ಅಡ್ಡ ಹಿಡಿದಳು. "ಆಕಿಗೆ ಇನ್ನ ದುಭಾಷಿ ಬೇಕಾಗಿಲ್ರಿ."

ಹೊತ್ತು ಇಳಿಯುವಷ್ಟರಲ್ಲಿ ಹಳಿಯಾಳದ ಬಸ್ ಬಂತು. ಅಂಕುಶ ಹತ್ತಿ ಕಿಟಕಿಯ ಬಳಿ ಕೂತ. ಇಜಾಬೆಲ್ ಕೆಳಗೆ ನಿಂತಳು. ಕಣದಲ್ಲಿ ಜೋಳದ ಮಿಷನ್ ಮತ್ತೆ ಶುರುವಾಗಿತ್ತು, ಆ ಸದ್ದಿನಲ್ಲಿ ಮಾತು ಕೇಳಿಸುವುದೇ ಕಷ್ಟ. ಆಕೆ ಕಿಟಕಿಯ ಸರಳು ಹಿಡಿದು ಹತ್ತಿರ ಬಂದಳು.

"ಅಂಕುಶ, ನಾ ನಮ್ಮಪ್ಪನ ಮುಂದ ನಿನ್ನ ಹೆಸರು ತಗೀಲೇನು?"

ಅವನು ಮಾಸ್ತರು ಕಲಿಸಿದಂತೆ ದನಿ ಏರಿಸಲು ಹೋದ. ಅದು ನಡುವೆಯೇ ಒಡೆದು ಕೀರಲಾಯಿತು. ಮುಂದಿನ ಸೀಟಿನ ಮುದುಕ ತಿರುಗಿ ನೋಡಿದ.

ಇಜಾಬೆಲ್ ನಕ್ಕಳು. "ಹಂಗಲ್ಲ. ನಿನ್ನಂಗ ಅನ್ನು."

ಕಂಡಕ್ಟರ್ ಸೀಟಿ ಊದಿದ. ಅಂಕುಶ ನೆಲ ನೋಡಿದ, ಸರಳಿನ ಮೇಲಿದ್ದ ಆಕೆಯ ಬೆರಳುಗಳ ಮೇಲೆ ತನ್ನ ಕೈ ಇಟ್ಟ.

"ಆತು ಬಿಡು."

ದನಿ ಮೊದಲಿನಂತೆಯೇ ಕೆಳಗೆ, ಆಳಕ್ಕೆ ಇಳಿಯಿತು.

"ಕೇಳಿಸ್ತು," ಎಂದಳು ಇಜಾಬೆಲ್.